ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್

ಆರೋಗ್ಯವೇ ಭಾಗ್ಯವೆಂಬ ಮಾತನ್ನು ಕೇಳದವರಿಲ್ಲ. ಆದರೆ ಆ ಭಾಗ್ಯವನ್ನು ದುಡಿದು ಗಳಿಸಬೇಕೆಂಬುದನ್ನು ನೆನೆಯುವವರು ಕಡಿಮೆ. ಬಲವೆಂಬುದು ಹುಟ್ಟಿನಿಂದ ಬರತಕ್ಕದ್ದು, ಇಲ್ಲದವನಿಗೆ ಇಲ್ಲ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಕ್ರೀಡಾದಿನದ ಓಟದಲ್ಲಿ ಹಿಂದೆ ಬಿದ್ದ ಹುಡುಗ ಈ ಮಾತನ್ನು ನಂಬಿ ಮೈದಾನಕ್ಕೆ ಬರುವುದನ್ನೇ ಬಿಟ್ಟುಬಿಡುತ್ತಾನೆ. ಬಲವನ್ನು ಕ್ರಮವಾದ ಅಭ್ಯಾಸದಿಂದ ಬೆಳೆಸಬಹುದೆಂದು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಕನ್ನಡಿಗರೊಬ್ಬರಿದ್ದರು. ಅವರೇ ಪ್ರೊ. ಕೆ. ವಿ. ಅಯ್ಯರ್.

ಅಯ್ಯರ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜನಿಸಿದರು. ಪೂರ್ಣ ಹೆಸರು ಕೋಲಾರ ವೆಂಕಟೇಶ ಅಯ್ಯರ್. ಹೆಸರೇ ಹೇಳುವಂತೆ ಅವರು ಕೋಲಾರ ಸೀಮೆಯವರು. ನಮ್ಮ ಸೀಮೆಯಂತೆಯೇ ಅದೂ ರಾಗಿ ತಿನ್ನುವ, ಮಳೆಗೆ ಕಾಯುವ, ಕನ್ನಡ ತೆಲುಗು ಎರಡೂ ಕೇಳಿಬರುವ ನಾಡು.

ಆ ಕಾಲದಲ್ಲಿ ದೇಹಬಲವೆಂದರೆ ಗರಡಿಮನೆಯ ಕುಸ್ತಿ, ಇಲ್ಲವೆ ಸರ್ಕಸ್ಸಿನ ಸಾಹಸ. ಆಂಧ್ರದ ಕೋಡಿ ರಾಮಮೂರ್ತಿ ನಾಯುಡು ಅವರು ಎದೆಗೆ ಸುತ್ತಿದ ಕಬ್ಬಿಣದ ಸರಪಳಿಯನ್ನು ಉಸಿರು ಕಟ್ಟಿ ಹರಿದು, ಎದೆಯ ಮೇಲೆ ಆನೆಯನ್ನು ಹತ್ತಿಸಿಕೊಂಡು ದೇಶದ ಜನರನ್ನು ಬೆರಗುಗೊಳಿಸಿದ್ದರು. ಅತ್ತ ಯೂರೋಪಿನ ಯೂಜೀನ್ ಸ್ಯಾಂಡೋ ಎಂಬ ಬಲಶಾಲಿ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಭಾರತಕ್ಕೂ ಬಂದು ಪ್ರದರ್ಶನ ನೀಡಿ ಹೋಗಿದ್ದನು. ನೋಡಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು. ತಾವೂ ಬಲಿಷ್ಠರಾಗಬಹುದೆಂದು ಯೋಚಿಸಿದವರು ಕೆಲವರೇ.

ಅಯ್ಯರ್ ಅವರು ಆ ಕೆಲವರಲ್ಲಿ ಒಬ್ಬರಾದರು. ಪಶ್ಚಿಮ ದೇಶಗಳ ಡಂಬೆಲ್, ಬಾರ್‌ಬೆಲ್‌ಗಳ ಸಾಧನೆಯನ್ನು ಅಭ್ಯಸಿಸಿದರು. ಅದರೊಡನೆ ನಮ್ಮ ದಂಡ, ಬಸ್ಕಿ, ಯೋಗಾಸನ, ಸೂರ್ಯನಮಸ್ಕಾರಗಳನ್ನೂ ಸೇರಿಸಿಕೊಂಡರು. ಪರದೇಶದ್ದೆಂದು ಒಂದನ್ನು ತಳ್ಳಲಿಲ್ಲ, ಹಳೆಯದೆಂದು ಇನ್ನೊಂದನ್ನು ಬಿಡಲಿಲ್ಲ. ಭಾರದ ಸಾಧನೆಯಿಂದ ಮಾಂಸಖಂಡ ಬೆಳೆಯಬೇಕು, ಆಸನಗಳಿಂದ ಮೈ ಬಾಗಬೇಕು ಮತ್ತು ಒಳಗಿನ ಅಂಗಗಳು ಆರೋಗ್ಯವಾಗಿರಬೇಕು ಎಂಬುದು ಅವರ ಪದ್ಧತಿಯ ತಿರುಳು. ಗ್ರೀಕ್ ಶಿಲ್ಪದಂತಿದ್ದ ಅವರ ದೇಹದ ಭಾವಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲಿಯೂ ಅಚ್ಚಾದವು.

1920ರ ದಶಕದಲ್ಲಿ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ಎಂಬ ವ್ಯಾಯಾಮಶಾಲೆಯನ್ನು ನಡೆಸತೊಡಗಿದರು. ಮುಂದೆ ಜೆ. ಸಿ. ರಸ್ತೆಯಲ್ಲಿದ್ದ ಅವರ ವ್ಯಾಯಾಮಶಾಲೆ ಊರಿಗೆಲ್ಲ ಪರಿಚಿತವಾಯಿತು. ಬೆಂಗಳೂರಿಗೆ ಬರಲಾಗದವರಿಗಾಗಿ ಅಂಚೆಯ ಮೂಲಕ ಪಾಠ ಕಳಿಸುವ ಏರ್ಪಾಡನ್ನೂ ಮಾಡಿದರು. ದೂರದ ಊರಿನ ಗುಮಾಸ್ತನೂ ವಿದ್ಯಾರ್ಥಿಯೂ ತಮ್ಮ ಕೋಣೆಯಲ್ಲಿಯೇ ಸಾಧನೆ ಮಾಡುವಂತಾಯಿತು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಮನ್ನಣೆಯೂ ಅವರಿಗೆ ದೊರೆಯಿತು. 1930ರಲ್ಲಿ ಮಾಂಸಖಂಡಗಳ ಸಾಧನೆಯನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕವೂ, 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತ ಪುಸ್ತಕವೂ ಹೊರಬಂದವು.

ಇಷ್ಟೇ ಆಗಿದ್ದರೆ ಅವರನ್ನು ಒಬ್ಬ ಪೈಲ್ವಾನರೆಂದು ನೆನೆದು ಸುಮ್ಮನಾಗಬಹುದಿತ್ತು. ವ್ಯಾಯಾಮ ಮಾಡುವವನಿಗೆ ವಿದ್ಯೆ ಹತ್ತದು ಎಂದು ಹೇಳುವ ತಂದೆತಾಯಿಗಳು ಅವರ ಬಾಳಿನ ಇನ್ನೊಂದು ಮುಖವನ್ನು ನೋಡಬೇಕು. ಹೊಯ್ಸಳ ರಾಣಿಯ ಕಥೆಯಾದ ಶಾಂತಲಾ, ಇಟಲಿಯ ಕಲಾಲೋಕದ ಹಿನ್ನೆಲೆಯ ರೂಪದರ್ಶಿ ಎಂಬ ಕಾದಂಬರಿಗಳನ್ನು ಬರೆದವರು ಇದೇ ಅಯ್ಯರ್. ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತ ಗೆಳೆಯರು. ವ್ಯಾಯಾಮಶಾಲೆಯ ಬಳಗದಿಂದಲೇ ರವಿ ಕಲಾವಿದರು ಎಂಬ ನಾಟಕ ತಂಡ ಬೆಳೆಯಿತು. ಡಂಬೆಲ್ ಹಿಡಿದ ಕೈಯೇ ಲೇಖನಿಯನ್ನೂ ಹಿಡಿಯಿತು.

ವಿದ್ಯಾರ್ಥಿ ಮಿತ್ರರೇ, ಅಯ್ಯರ್ ಅವರು ಕ್ರಮವಾಗಿ, ಅಳತೆಯರಿತು ಸಾಧನೆ ಮಾಡುವುದನ್ನು ಕಲಿಸಿದರು. ಅವರ ಗುರಿ ಸುಂದರವಾದ, ಆರೋಗ್ಯವಂತ ದೇಹ. ಆಟಗಾರನಿಗೆ ಇನ್ನೂ ಒಂದು ಗುರಿಯುಂಟು. ಬೆಳೆಸಿದ ಬಲ ಅವನ ಆಟಕ್ಕೆ ಒದಗಬೇಕು. ಆದ್ದರಿಂದ ಎಲ್ಲರಿಗೂ ಒಂದೇ ಸಾಧನೆ ಸಲ್ಲದು. ಇಂದಿನ ಕ್ರೀಡಾವಿಜ್ಞಾನ ಹೇಳುವುದೂ ಇದನ್ನೇ.

ನಮ್ಮ ಮಾಂಸಖಂಡಗಳಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ಬಗೆ ನಿಧಾನವಾಗಿ ಕೆಲಸ ಮಾಡಿ ಬಹುಕಾಲ ದಣಿಯದು. ಇನ್ನೊಂದು ಬಗೆ ಥಟ್ಟನೆ ಬಿರುಸಾಗಿ ಕೆಲಸ ಮಾಡಿ ಬೇಗ ದಣಿಯುತ್ತದೆ. 100 ಮೀಟರ್ ಓಟಗಾರನಿಗೆ ಎರಡನೆಯದು ಮುಖ್ಯ. ಅವನು ದಿನವೂ ಮೈಲಿಗಟ್ಟಲೆ ಓಡಿದರೆ ವೇಗ ಹೆಚ್ಚದು. 30 ಮೀಟರ್ ದೂರವನ್ನು ಪೂರ್ಣ ವೇಗದಿಂದ ಓಡಿ, ನಡೆದು ಹಿಂದಿರುಗಿ, ಎರಡು ಮೂರು ನಿಮಿಷ ಸುಧಾರಿಸಿಕೊಂಡು ಮತ್ತೆ ಓಡಬೇಕು. ಹೀಗೆ ಐದಾರು ಸಲ ಸಾಕು. ದಣಿದ ಕಾಲು ವೇಗವನ್ನು ಕಲಿಯದು. ದೂರದ ಓಟಗಾರನಾದರೋ ಮಾತಾಡುತ್ತ ಓಡಬಲ್ಲಷ್ಟು ನಿಧಾನವಾಗಿ ಹೆಚ್ಚು ಹೊತ್ತು ಓಡಿ, ವಾರಕ್ಕೆ ಒಂದೆರಡು ದಿನ ಮಾತ್ರ ಬಿರುಸಾಗಿ ಓಡಬೇಕು.

ಗುಂಡು ಎಸೆಯುವವನ ಬಲ ತೋಳಿನಲ್ಲಿದೆಯೆಂದು ಹಲವರು ತಿಳಿದಿದ್ದಾರೆ. ಆ ಬಲ ಹುಟ್ಟುವುದು ಕಾಲಿನಲ್ಲಿ. ಅದು ಸೊಂಟದ ಮೂಲಕ ಏರಿ ಕೊನೆಗೆ ಕೈಗೆ ಬರುತ್ತದೆ. ಅವನಿಗೆ ಬಸ್ಕಿ, ನೆಗೆತ, ದಂಡ ಮೂರೂ ಬೇಕು. ಕಬಡ್ಡಿ ಆಟಗಾರನಿಗೆ ನುಗ್ಗುವುದು, ತಟ್ಟನೆ ನಿಲ್ಲುವುದು, ದಿಕ್ಕು ಬದಲಿಸುವುದು, ಹಿಡಿದದ್ದನ್ನು ಬಿಡದಿರುವುದು ಬೇಕು. ಹಗ್ಗ ಹತ್ತುವುದರಿಂದ ಹಿಡಿತವೂ, ಅಂಕುಡೊಂಕಾಗಿ ಓಡುವುದರಿಂದ ಚುರುಕುತನವೂ ಬರುತ್ತವೆ. ಹುಡುಗಿಯರಿಗೂ ಇದೇ ನಿಯಮ ಅನ್ವಯಿಸುತ್ತದೆ.

ಕೆಲವು ಎಚ್ಚರಿಕೆಗಳುಂಟು. ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಬೇಕು. ಕಠಿಣವಾದ ಬಲಸಾಧನೆ ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಒಂದು ದಿನದ ಬಿಡುವಿರಲಿ. ಖಂಡಗಳು ಬೆಳೆಯುವುದು ವಿಶ್ರಾಂತಿಯಲ್ಲಿ. ಪಂಥ ಕಟ್ಟಿ ಗುಂಡುಕಲ್ಲು ಎತ್ತಲು ಹೋಗಿ ಬೆನ್ನು ಕೆಡಿಸಿಕೊಳ್ಳಬೇಡಿರಿ. ಮೊದಲು ನಿಮ್ಮ ದೇಹದ ಭಾರವನ್ನೇ ಚೆನ್ನಾಗಿ ಎತ್ತಲು ಕಲಿತು, ಆಮೇಲೆ ಬಲ್ಲವರ ಎದುರಿನಲ್ಲಿ ಹೊರಗಿನ ಭಾರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿರಿ. ತಂದೆತಾಯಿಗಳು ಮಕ್ಕಳಿಗೆ ಸಾಕಷ್ಟು ನಿದ್ರೆ, ರಾಗಿಮುದ್ದೆ, ಕಾಳು, ಕಡಲೆಕಾಯಿ, ಹಾಲು, ಮೊಟ್ಟೆ ದೊರೆಯುವಂತೆ ನೋಡಿಕೊಂಡರೆ ದುಬಾರಿ ಪುಡಿಗಳ ಅಗತ್ಯವಿಲ್ಲ.

ಅಯ್ಯರ್ ಅವರು 1980ರಲ್ಲಿ, ಎಂಬತ್ತು ದಾಟಿದ ತುಂಬುವಯಸ್ಸಿನಲ್ಲಿ, ಕಾಲವಾದರು. ಅವರು ಬಿಟ್ಟುಹೋದ ದಾರಿಗೆ ದೊಡ್ಡ ಬಂಡವಾಳ ಬೇಡ. ಕುಂದುರ್ಪಿಯ ಹುಡುಗನಿಗೆ ಏರಲು ದುರ್ಗದ ಬೆಟ್ಟವಿದೆ, ಓಡಲು ಶಾಲೆಯ ಬಯಲಿದೆ, ದಂಡ ತೆಗೆಯಲು ಆರಡಿ ನೆಲ ಸಾಕು. ಇಂದು ತೆಗೆದ ದಂಡಗಳ ಲೆಕ್ಕವನ್ನು, ಓಡಿದ ಓಟದ ಸಮಯವನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿರಿ. ಮೂರು ತಿಂಗಳು ಬಿಡದೆ ಸಾಧಿಸಿ ಮತ್ತೆ ಅಳೆಯಿರಿ. ಪಕ್ಕದವನನ್ನು ಗೆಲ್ಲುವ ಮಾತು ಆಮೇಲೆ ಇರಲಿ, ಮೊದಲು ಮೂರು ತಿಂಗಳ ಹಿಂದಿನ ನಿಮ್ಮನ್ನು ನೀವು ಗೆಲ್ಲಿರಿ.