ಟೋಪಿ ಡಬ್ಬದಲ್ಲಿ ಹುಟ್ಟಿದ ಟಿವಿ

ಸುಮಾರು ಹದಿನೈದು ವರ್ಷದ ಹಿಂದೆ ಮನೆಗೆ ಹೊಸ ಟಿವಿ ತರೋದು ಅಂದ್ರೆ ಒಂದು ವಾರದ ಚರ್ಚೆ. ಪ್ಲಾಸ್ಮಾನಾ, ಎಲ್‌ಸಿಡಿನಾ? ಪ್ಲಾಸ್ಮಾದಲ್ಲಿ ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತೆ, ಚೆಂಡು ಬೌಂಡರಿಗೆ ಓಡಿದರೂ ಚಿತ್ರ ಮಸುಕಾಗಲ್ಲ. ಆದರೆ ತೂಕ ಜಾಸ್ತಿ, ಕರೆಂಟ್ ಬಿಲ್ಲೂ ಜಾಸ್ತಿ. ಎಲ್‌ಸಿಡಿ ಹಗುರ, ಬೆಳಕಿರೋ ಹಾಲ್‌ಗೆ ಸರಿ. ಕೊನೆಗೆ ತೀರ್ಮಾನ ಮಾಡ್ತಿದ್ದದ್ದು ಮಾತ್ರ ಅಪ್ಪನ ಜೇಬು. ಈಗ ಪ್ಲಾಸ್ಮಾ ಹುಡುಕಿದರೂ ಅಂಗಡಿಯಲ್ಲಿ ಸಿಗಲ್ಲ.

ಇಂಥದ್ದೇ ಒಂದು ಪೈಪೋಟಿ 1936ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಅವತ್ತು ಸೋತವನು ಬೇರೆ ಯಾರೂ ಅಲ್ಲ, ಟಿವಿ ಚಿತ್ರವನ್ನು ಜನರಿಗೆ ಮೊದಲು ತೋರಿಸಿದ ಜಾನ್ ಲೋಗಿ ಬೇರ್ಡ್.

ಬೇರ್ಡ್ ಹುಟ್ಟಿದ್ದು 1888ರ ಆಗಸ್ಟ್‌ನಲ್ಲಿ, ಸ್ಕಾಟ್ಲೆಂಡಿನ ಹೆಲೆನ್ಸ್‌ಬರೋ ಎಂಬ ಊರಲ್ಲಿ. ಅಪ್ಪ ಚರ್ಚಿನ ಪಾದ್ರಿ. ಹುಡುಗ ಚಿಕ್ಕಂದಿನಿಂದಲೂ ಕಾಯಿಲೆ ಮನುಷ್ಯ. ಗ್ಲಾಸ್ಗೋದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ. ಮುಂದೆ ವಿಶ್ವವಿದ್ಯಾಲಯದ ಪದವಿ ಮುಗಿಸುವ ಮೊದಲೇ ಮೊದಲನೇ ಮಹಾಯುದ್ಧ ಬಂತು, ಪದವಿ ಅಲ್ಲಿಗೇ ನಿಂತಿತು. ಆರೋಗ್ಯ ಸರಿಯಿಲ್ಲ ಅಂತ ಸೈನ್ಯಕ್ಕೂ ತಗೊಳ್ಳಲಿಲ್ಲ. ವಿದ್ಯುತ್ ಕಂಪನಿಯಲ್ಲಿ ಕೆಲಸಕ್ಕಿದ್ದಾಗ ಗ್ರಾಫೈಟ್‌ನಿಂದ ವಜ್ರ ಮಾಡ್ತೀನಿ ಅಂತ ಹೋಗಿ, ಗ್ಲಾಸ್ಗೋದ ಒಂದಷ್ಟು ಭಾಗದ ಕರೆಂಟ್ ತೆಗೆದ. ಆಮೇಲೆ ಕಾಲುಚೀಲ ಮಾರಿದ, ಟ್ರಿನಿಡಾಡ್‌ಗೆ ಹೋಗಿ ಜಾಮ್ ಮಾಡಿದ, ವಾಪಸ್ ಬಂದು ಸೋಪು ಮಾರಿದ. ಯಾವುದೂ ಹೆಚ್ಚು ದಿನ ನಿಲ್ಲಲಿಲ್ಲ.

1923ರಲ್ಲಿ ಆರೋಗ್ಯ ಪೂರ್ತಿ ಕೆಟ್ಟು, ಸಮುದ್ರದ ಗಾಳಿಗೆ ಅಂತ ಹೇಸ್ಟಿಂಗ್ಸ್ ಎಂಬ ಊರಿಗೆ ಬಂದ. ಕೈಯಲ್ಲಿ ಕೆಲಸವಿಲ್ಲ, ದುಡ್ಡೂ ಇಲ್ಲ. ಅಲ್ಲಿ ಶುರುವಾಯ್ತು ಟಿವಿ ಹುಚ್ಚು. ಹಳೇ ಟೋಪಿ ಡಬ್ಬ, ಟೀ ಪೆಟ್ಟಿಗೆ, ಹೊಲಿಗೆ ಸೂಜಿ, ಸೈಕಲ್ ದೀಪದ ಲೆನ್ಸು, ಅರಗು, ಗೋಂದು. ಇಷ್ಟೇ ಅವನ ಲ್ಯಾಬು.

ಅವನು ಹಿಡಿದ ದಾರಿ 1884ರಲ್ಲೇ ಪಾಲ್ ನಿಪ್ಕೊವ್ ಪೇಟೆಂಟ್ ಮಾಡಿದ್ದ ತಿರುಗುವ ತಟ್ಟೆಯದು. ತಟ್ಟೆಯ ಮೇಲೆ ಸುರುಳಿಯಾಕಾರದಲ್ಲಿ ತೂತುಗಳು. ತಟ್ಟೆ ತಿರುಗಿದಾಗ ಪ್ರತಿ ತೂತೂ ಚಿತ್ರದ ಒಂದೊಂದು ಗೆರೆಯನ್ನು ಓದುತ್ತೆ, ಆ ಬೆಳಕು ಫೋಟೋಸೆಲ್‌ಗೆ ಬಿದ್ದು ಸಿಗ್ನಲ್ ಆಗುತ್ತೆ. ಎಲೆಕ್ಟ್ರಾನಿಕ್ ದಾರಿಯ ಕಲ್ಪನೆಯೂ ಆಗಲೇ ಇತ್ತು. ಆದರೆ ಅದಕ್ಕೆ ಒಳ್ಳೆ ನಿರ್ವಾತ ಕೊಳವೆ ಬೇಕು, ಗಾಜಿನ ಕೆಲಸ ಬೇಕು, ದೊಡ್ಡ ಲ್ಯಾಬ್ ಬೇಕು. ತಟ್ಟೆಗಾದರೆ ರಟ್ಟು ಮತ್ತು ಕತ್ತರಿ ಸಾಕು. ಬೇರ್ಡ್‌ನ ತಂತ್ರಜ್ಞಾನವನ್ನು ಆರಿಸಿದ್ದು ಅವನ ಬಜೆಟ್ಟೇ.

1924ರಲ್ಲಿ ಕೆಲವು ಅಡಿ ದೂರಕ್ಕೆ ಒಂದು ಶಿಲುಬೆಯ ನೆರಳನ್ನು ಕಳಿಸಿದ. ಅದೇ ವರ್ಷ ದೊಡ್ಡ ಶಾಕ್ ಹೊಡೆದು ಕೈ ಸುಟ್ಟಿತು, ಜೀವ ಉಳಿದದ್ದೇ ಹೆಚ್ಚು. ಓನರ್ ರೂಮು ಖಾಲಿ ಮಾಡು ಅಂದ. ಗಂಟುಮೂಟೆ ಕಟ್ಟಿ ಲಂಡನ್ನಿನ ಸೋಹೋ ಪ್ರದೇಶದ ಅಟ್ಟದ ಕೋಣೆಗೆ ಬಂದ. 1925ರ ಅಕ್ಟೋಬರ್ 2ರಂದು ಒಂದು ಮಾತಾಡುವ ಗೊಂಬೆಯ ಮುಖ ಛಾಯೆಗಳ ಸಮೇತ ಪರದೆಯ ಮೇಲೆ ಮೂಡಿತು. ಬರೀ 30 ಗೆರೆಗಳ ಚಿತ್ರ. ದೀಪಗಳ ಕಾವು ಮನುಷ್ಯರು ತಡೆಯೋ ಹಾಗಿರಲಿಲ್ಲ, ಅದಕ್ಕೇ ಗೊಂಬೆ. ಆದರೂ ಖುಷಿ ತಡೀಲಾರದೆ ಕೆಳಗಿನ ಆಫೀಸಿನ ಹುಡುಗ ವಿಲಿಯಂ ಟೇಂಟನ್‌ನನ್ನು ಮೇಲಕ್ಕೆ ಕರ್ಕೊಂಡು ಬಂದು ಕೂರಿಸಿದ, ಕಾಸು ಕೊಟ್ಟು ಒಪ್ಪಿಸಿದ. 1926ರ ಜನವರಿ 26ರಂದು ರಾಯಲ್ ಇನ್‌ಸ್ಟಿಟ್ಯೂಷನ್ ಸದಸ್ಯರು ಅದೇ ಅಟ್ಟದಲ್ಲಿ ನಿಂತು ಟಿವಿ ನೋಡಿದರು.

ಆಮೇಲೆ ಓಟ. 1927ರಲ್ಲಿ ಟೆಲಿಫೋನ್ ತಂತಿಯಲ್ಲಿ ಲಂಡನ್ನಿಂದ ಗ್ಲಾಸ್ಗೋಗೆ ಚಿತ್ರ ಹೋಯ್ತು. 1928ರಲ್ಲಿ ಅಟ್ಲಾಂಟಿಕ್ ದಾಟಿತು, ಅದೇ ವರ್ಷ ಬಣ್ಣವೂ ಬಂತು. 1929ರಲ್ಲಿ ಬಿಬಿಸಿ ಟ್ರಾನ್ಸ್‌ಮಿಟರ್‌ನಿಂದ ಪ್ರಯೋಗಾತ್ಮಕ ಪ್ರಸಾರ ಶುರು. ಮುಂದಿನ ವರ್ಷ ಜನ ಕೊಂಡ ಅವನ ಟೆಲಿವೈಸರ್ ಪೆಟ್ಟಿಗೆಯಲ್ಲಿ ತಟ್ಟೆಯ ಹಿಂದೆ ಉರೀತಿದ್ದದ್ದು ನಿಯಾನ್ ದೀಪ. ಮುಂದೆ ಪ್ಲಾಸ್ಮಾ ಟಿವಿಯ ಪುಟ್ಟ ಕೋಶಗಳಲ್ಲಿ ಕೆಲಸ ಮಾಡಿದ್ದೂ ಇಂಥ ಅಯಾನೀಕೃತ ಅನಿಲವೇ, ನಿಯಾನ್ ಮತ್ತು ಕ್ಸೆನಾನ್.

ಆದರೆ ತಟ್ಟೆಗೆ ಒಂದು ಮಿತಿ ಇತ್ತು. ಚಿತ್ರ ಸ್ಪಷ್ಟವಾಗಬೇಕಾದರೆ ಗೆರೆ ಹೆಚ್ಚಬೇಕು, ಗೆರೆ ಹೆಚ್ಚಿದರೆ ತೂತು ಸಣ್ಣದಾಗಬೇಕು, ತೂತು ಸಣ್ಣದಾದರೆ ಬೆಳಕು ಸಾಲಲ್ಲ. ಒಂದು ಬಿಂದುವನ್ನು ಓದೋ ಹೊತ್ತಿನಲ್ಲಿ ಉಳಿದ ಬಿಂದುಗಳ ಬೆಳಕೆಲ್ಲ ವ್ಯರ್ಥ. ಮಾರ್ಕೋನಿ-ಇಎಂಐ ಕಂಪನಿಯ ಎಮಿಟ್ರಾನ್ ಕ್ಯಾಮೆರಾದಲ್ಲಿ ಹಾಗಲ್ಲ. ಪ್ರತಿ ಬಿಂದುವೂ ತನ್ನ ಸರದಿ ಬರೋವರೆಗೆ ಚಾರ್ಜ್ ಕೂಡಿಟ್ಟುಕೊಳ್ಳುತ್ತೆ.

1936ರ ನವೆಂಬರ್ 2ರಿಂದ ಬಿಬಿಸಿ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಎರಡೂ ಪದ್ಧತಿಗಳನ್ನು ಸರದಿಯ ಮೇಲೆ ಪ್ರಸಾರ ಮಾಡಿತು. ಬೇರ್ಡ್‌ನದು 240 ಗೆರೆ, ಎದುರಾಳಿಯದು 405. ಸ್ಟುಡಿಯೋ ದೃಶ್ಯಕ್ಕೆ ಬೇರ್ಡ್ ಕಂಪನಿ ಮೊದಲು ಫಿಲ್ಮ್ ತೆಗೆದು, ಒಂದು ನಿಮಿಷದೊಳಗೆ ತೊಳೆದು, ಆಮೇಲೆ ಸ್ಕ್ಯಾನ್ ಮಾಡಬೇಕಿತ್ತು. ಕ್ಯಾಮೆರಾ ಅಲ್ಲಾಡೋ ಹಾಗಿಲ್ಲ. ಎಮಿಟ್ರಾನ್ ಓಡಾಡ್ತಿತ್ತು, ಹೊರಗೂ ಹೋಗ್ತಿತ್ತು. ಗಿರಾಕಿಯ ಪಾಡು ಕೇಳಬೇಡಿ. ಎರಡೂ ಪದ್ಧತಿ ಹಿಡಿಯೋ ಸೆಟ್ಟಿಗೆ ಸುಮಾರು 100 ಪೌಂಡ್, ಆ ದುಡ್ಡಿಗೆ ಅವತ್ತು ಫೋರ್ಡ್‌ನ ಸಣ್ಣ ಕಾರೇ ಬರ್ತಿತ್ತು. ನವೆಂಬರ್ 30ರ ರಾತ್ರಿ ಕ್ರಿಸ್ಟಲ್ ಪ್ಯಾಲೇಸ್‌ಗೆ ಬೆಂಕಿ ಬಿದ್ದು ಅಲ್ಲಿದ್ದ ಬೇರ್ಡ್ ಕಂಪನಿಯ ಲ್ಯಾಬೂ ಸುಟ್ಟಿತು. 1937ರ ಫೆಬ್ರವರಿಗೆ ತೀರ್ಪು ಬಂತು: ಇನ್ನು 405 ಮಾತ್ರ. ಆ 405 ಗೆರೆಗಳ ಪದ್ಧತಿ ಬ್ರಿಟನ್ನಿನಲ್ಲಿ 1985ರವರೆಗೂ ಉಳಿಯಿತು.

ಬೇರ್ಡ್‌ನ ಕಥೆಯನ್ನು ಸುಮಾರು ಜನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ನಿಜವಾದ ವಿಷಯ ಇರೋದು ಆಮೇಲೆ. ಸೋತ ಮೇಲೆ ಅವನು ತಟ್ಟೆಯನ್ನೇ ಅಪ್ಪಿಕೊಂಡು ಕೂರಲಿಲ್ಲ. ಯುದ್ಧದ ಕಾಲದಲ್ಲಿ, ಬಹುಪಾಲು ಸ್ವಂತ ಖರ್ಚಿನಲ್ಲಿ ಕೆಲಸ ಮುಂದುವರಿಸಿ, 1944ರ ಆಗಸ್ಟ್‌ನಲ್ಲಿ ಟೆಲಿಕ್ರೋಮ್ ಎಂಬ ಬಣ್ಣದ ಚಿತ್ರನಳಿಕೆ ತೋರಿಸಿದ. ಅದರಲ್ಲಿ ತಿರುಗುವ ಭಾಗ ಒಂದೂ ಇರಲಿಲ್ಲ, ಪೂರ್ತಿ ಎಲೆಕ್ಟ್ರಾನಿಕ್. ತನ್ನನ್ನು ಸೋಲಿಸಿದ ದಾರಿಯಲ್ಲೇ ಎದುರಾಳಿಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದ.

ಯುದ್ಧದಿಂದಾಗಿ ನಿಂತಿದ್ದ ಬಿಬಿಸಿ ಟಿವಿ 1946ರ ಜೂನ್ 7ಕ್ಕೆ ಮತ್ತೆ ಶುರುವಾಯ್ತು. ಸರಿಯಾಗಿ ಒಂದು ವಾರಕ್ಕೆ, ಜೂನ್ 14ರಂದು, ಬೇರ್ಡ್ ತೀರಿಕೊಂಡ. ವಯಸ್ಸು 57.

ನಾವೂ ಪ್ರಾಜೆಕ್ಟ್ ಅಂತ ಬಂದಾಗ ಕೈಗೆಟುಕೋ ಪಾರ್ಟ್ಸ್‌ನಿಂದಲೇ ಶುರು ಮಾಡ್ತೀವಿ. ತಪ್ಪೇನಿಲ್ಲ, ಟೋಪಿ ಡಬ್ಬ ಇಲ್ಲದಿದ್ದರೆ ಬೇರ್ಡ್ ಶುರುವೇ ಮಾಡ್ತಿರಲಿಲ್ಲ. ಆದರೆ ನಾವೇ ಕಟ್ಟಿದ್ದು ಅನ್ನೋ ಒಂದೇ ಕಾರಣಕ್ಕೆ ಆ ಡಬ್ಬವನ್ನು ಎಷ್ಟು ದಿನ ಹಿಡಿದುಕೊಂಡಿರಬೇಕು ಅನ್ನೋದು ಬೇರೆ ಲೆಕ್ಕ. ಆ ಲೆಕ್ಕ ಬೇರ್ಡ್‌ಗೆ ತಡವಾಗಿ ಹೊಳೆಯಿತು, ಆದರೆ ಹೊಳೆಯಿತು.