ಕೋವಿಯೂ ಸಂಯಮವೂ: ದೊಡ್ಡ ವೀರರಾಜೇಂದ್ರನ ಜೀವಿತ

ಹುಣಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಪಿರಿಯಾಪಟ್ಟಣವನ್ನು ದಾಟುವ ಪ್ರಯಾಣಿಕರಲ್ಲಿ ಹೆಚ್ಚಿನವರು ಅಲ್ಲಿಯ ಹಳೆಯ ಕೋಟೆಯ ಅವಶೇಷಗಳ ಕಡೆಗೆ ತಿರುಗಿಯೂ ನೋಡುವುದಿಲ್ಲ. ಚೆಂಗಾಳ್ವ ಅರಸರು ಆಳಿದ್ದ, ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಮೈಸೂರಿನ ವಶವಾದ ಆ ಕೋಟೆಯು ಮುಂದೆ ಕೊಡಗಿನ ರಾಜಕುಟುಂಬಕ್ಕೆ ಸೆರೆಮನೆಯಾಯಿತು. ಆ ಸೆರೆಯಿಂದ ಪಾರಾಗಿ, ಕಳೆದುಹೋದ ರಾಜ್ಯವನ್ನು ಮರಳಿ ಪಡೆದು, ಕಡೆಗೆ ತನ್ನ ಮನಸ್ಸಿನ ಸೆರೆಯಿಂದ ಪಾರಾಗಲಾರದೆ ಹೋದ ಅರಸನೇ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರನು. ಸ್ವರಕ್ಷಣೆಗಾಗಿ ಆಯುಧವನ್ನಿಟ್ಟುಕೊಳ್ಳುವ ಹಕ್ಕು, ಅದನ್ನು ಪ್ರಯೋಗಿಸುವ ಅಭ್ಯಾಸ, ಇವೆರಡರ ವಿಷಯವಾಗಿ ನಮ್ಮ ಸೀಮೆಯಲ್ಲಿ ಆಗಾಗ ಚರ್ಚೆಯೇಳುವುದುಂಟು. ಆ ಚರ್ಚೆಯಲ್ಲಿ ತೊಡಗುವವರು ಈ ಅರಸನ ಜೀವಿತವನ್ನು ಒಮ್ಮೆ ಆಮೂಲಾಗ್ರವಾಗಿ ಅವಲೋಕಿಸುವುದು ಉಚಿತವೆಂದು ನಮಗೆ ತೋರುತ್ತದೆ.

1780ರಲ್ಲಿ ಕೊಡಗಿನ ಲಿಂಗರಾಜನು ತೀರಿಕೊಂಡಾಗ ಆತನ ಮಕ್ಕಳು ಇನ್ನೂ ಎಳೆಯರಾಗಿದ್ದರು. ಹೈದರಲಿಯು ಮಕ್ಕಳ ಪೋಷಣೆಯ ನೆಪದಿಂದ ಕೊಡಗನ್ನು ತನ್ನ ಅಂಕೆಗೆ ತೆಗೆದುಕೊಂಡು, ರಾಜಕುಮಾರರನ್ನು ಹಾಸನ ಸೀಮೆಯ ಗೊರೂರಿಗೆ ಕಳುಹಿಸಿದನು. 1782ರಲ್ಲಿ ಕೊಡಗರು ದಂಗೆಯೆದ್ದರು. ಅದೇ ವರ್ಷದ ಕೊನೆಯಲ್ಲಿ ಹೈದರನು ಮೃತನಾಗಲು ಅಧಿಕಾರಕ್ಕೆ ಬಂದ ಟಿಪ್ಪು ಸುಲ್ತಾನನು ಈ ಕುಟುಂಬವನ್ನು ಪಿರಿಯಾಪಟ್ಟಣದ ಕೋಟೆಯಲ್ಲಿರಿಸಿದನು. 1785ರಲ್ಲಿ ಸಾವಿರಾರು ಕೊಡಗರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ನಾಡಿನ ಮನೆಗಳು ಬರಿದಾದುವು, ಗದ್ದೆಗಳು ಬೀಳುಬಿದ್ದುವು. ತನ್ನ ನಾಡಿನ ಬೆಟ್ಟಗಳ ಸಾಲಿಗೆ ಇಷ್ಟು ಸಮೀಪದಲ್ಲಿದ್ದೂ ಅಲ್ಲಿಗೆ ಹೋಗಲಾರದೆ ರಾಜಕುಮಾರನು ಸುಮಾರು ಆರು ವರ್ಷಗಳನ್ನು ಕೋಟೆಯ ಗೋಡೆಗಳೊಳಗೆ ಕಳೆದನು.

1788ರ ದಶಂಬರದಲ್ಲಿ ಆತನು ತನ್ನ ನಂಬಿಕೆಯ ಕೊಡಗರ ನೆರವಿನಿಂದ ಸಂಸಾರಸಹಿತನಾಗಿ ಕೋಟೆಯಿಂದ ತಪ್ಪಿಸಿಕೊಂಡು ಕಿಗ್ಗಟ್ಟುನಾಡಿನ ಕುರ್ಚಿಯನ್ನು ಸೇರಿದನು. ಅಲ್ಲಿಯೂ ಆಪತ್ತು ಬಿಡಲಿಲ್ಲ. ಮಲೆಯಾಳದ ಕೋಟಯಂ ಅರಸನ ಕಡೆಯವರು ಆತನನ್ನು ಹಿಡಿದು, ಕೊಡಗಿನ ಕೆಲವು ಭಾಗಗಳನ್ನು ಬಿಟ್ಟುಕೊಡುವಂತೆ ಪತ್ರ ಬರೆಯಿಸಿಕೊಂಡ ಮೇಲೆಯೇ ಬಿಡುಗಡೆ ಮಾಡಿದರು. ಹೀಗೆ ಕೈಯಲ್ಲಿ ರಾಜ್ಯವಿಲ್ಲದೆ, ಬೊಕ್ಕಸವಿಲ್ಲದೆ, ಸಂಬಳದ ಸೈನ್ಯವಿಲ್ಲದೆ ನಿಂತಿದ್ದ ತರುಣನು ಅಲ್ಪಕಾಲದಲ್ಲಿಯೇ ಕೊಡಗಿನಲ್ಲಿದ್ದ ಮೈಸೂರಿನ ಠಾಣೆಗಳನ್ನು ಒಂದೊಂದಾಗಿ ಕಿತ್ತೊಗೆದನು. ಇದು ಹೇಗೆ ಸಾಧ್ಯವಾಯಿತು?

ಇದರ ಉತ್ತರವು ಕೊಡಗಿನ ಭೂಹಿಡುವಳಿಯ ಪದ್ಧತಿಯಲ್ಲಿದೆ. ಜಮ್ಮಾ ಭೂಮಿಯನ್ನು ಹಿಡಿದ ಒಕ್ಕಲು ಕಡಿಮೆ ಕಂದಾಯವನ್ನು ಕೊಟ್ಟು, ಅದಕ್ಕೆ ಪ್ರತಿಯಾಗಿ ಅರಸನ ಕರೆ ಬಂದಾಗ ಆಯುಧಸಹಿತನಾಗಿ ಹಾಜರಾಗತಕ್ಕದ್ದೆಂಬುದು ಅಲ್ಲಿಯ ಕಟ್ಟಳೆಯಾಗಿತ್ತು. ಆದುದರಿಂದ ಉಳುವವನೇ ಯೋಧನಾಗಿದ್ದನು. ಮನೆಯ ಕೋವಿಯೇ ರಾಜ್ಯದ ಕೋವಿಯಾಗಿತ್ತು. ಅಂದಿನ ಬತ್ತಿಕೋವಿಯು ಇಂದಿನ ಬಂದೂಕಿನಂತೆ ಸುಲಭವಾದ ಸಾಧನವಲ್ಲ. ಮದ್ದನ್ನು ಅಳೆದು ನಳಿಗೆಗೆ ಸುರಿಯಬೇಕು; ಗುಂಡನ್ನಿಟ್ಟು ಗಜದಿಂದ ಜಡಿಯಬೇಕು; ಕಿವಿಯ ಬಟ್ಟಲಿಗೆ ಪುಡಿಮದ್ದನ್ನು ಹಾಕಬೇಕು; ಉರಿಯುವ ಬತ್ತಿಯನ್ನು ಗಾಳಿಮಳೆಗಳಿಂದ ಕಾಪಾಡಬೇಕು; ಕಿಡಿ ತಗಲಿ ಗುಂಡು ಹೊರಡುವವರೆಗೂ ಗುರಿಯನ್ನು ಕದಲಿಸದೆ ಹಿಡಿದಿರಬೇಕು. ಒಂದು ಗುಂಡು ತಪ್ಪಿದರೆ ಮತ್ತೊಂದನ್ನು ತುಂಬುವಷ್ಟರಲ್ಲಿ ಶತ್ರುವು ಮೈಮೇಲೆಯೇ ಬಂದಿರುವನು. ವರ್ಷದಲ್ಲಿ ಅನೇಕ ತಿಂಗಳು ಮಳೆ ಸುರಿಯುವ ನಾಡಿನಲ್ಲಿ ಈ ಕ್ರಮವನ್ನು ತಪ್ಪಿಲ್ಲದೆ ನೆರವೇರಿಸುವುದು ನಿತ್ಯದ ಅಭ್ಯಾಸವಿಲ್ಲದೆ ಯಾರಿಗೂ ಸಾಧ್ಯವಿಲ್ಲ. ಕೈಲ್‌ಪೊಳ್ದು ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪದ್ಧತಿಯು ಇಂದಿಗೂ ಕೊಡಗಿನಲ್ಲಿ ನಡೆದುಬಂದಿದೆ. ಅದನ್ನು ಬರಿಯ ವಿನೋದವೆಂದು ಭಾವಿಸುವುದು ತಪ್ಪು. ವರ್ಷಕ್ಕೊಮ್ಮೆ ಊರೆಲ್ಲ ಕೂಡಿ, ಹಿರಿಯರ ಕಣ್ಣೆದುರಿನಲ್ಲಿ, ಕಿರಿಯರ ಕೈ ಕಣ್ಣುಗಳನ್ನು ಪರೀಕ್ಷಿಸುವ ಪಾಠಶಾಲೆಯೇ ಅದು.

ವೀರರಾಜೇಂದ್ರನ ಪ್ರತಾಪಗಳಲ್ಲಿ ನಾವು ಎಲ್ಲಕ್ಕಿಂತ ಮಿಗಿಲಾಗಿ ಎಣಿಸುವುದು ಆತನು ಹಾರಿಸಿದ ಗುಂಡನ್ನಲ್ಲ, ಹಾರಿಸದೆ ತಡೆದ ಗುಂಡನ್ನು. ಮಡಿಕೇರಿಯ ಕೋಟೆಯೊಂದು ಮಾತ್ರ ಶತ್ರುಗಳ ಕೈಯಲ್ಲಿ ಉಳಿದು, ಆಹಾರದ ಕೊರತೆಯಿಂದ ಕಂಗೆಟ್ಟಿದ್ದ ಸಮಯದಲ್ಲಿ, ಅದರ ನೆರವಿಗಾಗಿ ಟಿಪ್ಪುವಿನ ಸರದಾರನಾದ ಕಾದರ್ ಖಾನನು ಸಾಮಗ್ರಿಗಳೊಡನೆ ಬಂದನು. ಕೊಡಗರು ಕಣಿವೆಯ ದಾರಿಗಳನ್ನು ಕಟ್ಟಿ ಆ ದಂಡನ್ನು ಸುತ್ತುಗಟ್ಟಿದರು. ಒಂದು ಸನ್ನೆಯಾದರೆ ಸಾಕು, ಇಡೀ ದಂಡು ಅಲ್ಲಿಯೇ ನಾಶವಾಗುತ್ತಿತ್ತು. ಆದರೆ ಈ ಕಾದರ್ ಖಾನನು ಸೆರೆಯ ದಿನಗಳಲ್ಲಿ ರಾಜನ ಸಂಸಾರವನ್ನು ಮರ್ಯಾದೆಯಿಂದ ನಡೆಸಿಕೊಂಡವನು. ಆ ಉಪಕಾರವನ್ನು ನೆನೆದು ಅರಸನು ಆತನನ್ನೂ ಆತನ ಜನರನ್ನೂ ಬಾಧೆಯಿಲ್ಲದೆ ಹೋಗಗೊಟ್ಟನು. ಮುಂದೆ ಕೋಟೆಯು ಶರಣಾದಾಗ ಅಲ್ಲಿಯ ಕಾವಲುಪಡೆಯನ್ನೂ ಜೀವಸಹಿತ ಬಿಟ್ಟುಕೊಟ್ಟನು. ಆಗ ಆತನ ಮಿತ್ರರಾಗಿದ್ದ ಆಂಗ್ಲೇಯರಿಗೆ ಮೊದಲು ಇದು ಸಂಶಯಾಸ್ಪದವಾಗಿ ಕಂಡಿತು. ಕಾರಣವು ತಿಳಿದ ಮೇಲೆ ಅವರೇ ಮೆಚ್ಚಿಕೊಂಡರು. ಆಯುಧವು ಕೈಯಲ್ಲಿರುವಾಗ, ಶತ್ರುವು ಗುರಿಯಲ್ಲಿರುವಾಗ, ಗೆಲುವು ನಿಶ್ಚಯವಾಗಿರುವಾಗ ಕೈಯನ್ನು ತಡೆಯುವುದು ಗುರಿ ಹೊಡೆಯುವುದಕ್ಕಿಂತಲೂ ಕಠಿನವಾದ ವಿದ್ಯೆ. ಆ ವಿದ್ಯೆಯು ಅಂದು ಆ ತರುಣನಿಗೆ ಕರಗತವಾಗಿತ್ತು.

ಆಂಗ್ಲೇಯರೊಡನೆ ಆತನ ಮೈತ್ರಿಯು 1790ನೆಯ ಅಕ್ಟೋಬರ್ 26ರಂದು ತಲಚೇರಿಯ ಕಂಪೆನಿ ಅಧಿಕಾರಿ ರಾಬರ್ಟ್ ಟೇಲರನೊಡನೆ ಮಾಡಿಕೊಂಡ ಒಡಂಬಡಿಕೆಯಿಂದ ಆರಂಭವಾಯಿತು. 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯವು ಘಟ್ಟವನ್ನೇರಿ ಬಂದಾಗ ಅದಕ್ಕೆ ಧಾನ್ಯವನ್ನೂ ದನಗಳನ್ನೂ ದಾರಿಯನ್ನೂ ಒದಗಿಸಿದವನು ಈತನೇ. ಆ ಸೇನಾನಿಯನ್ನು ಸಂಧಿಸಿದ ನೆನಪಿಗಾಗಿ 1792ರಲ್ಲಿ ಕಟ್ಟಿಸಿದ ಪೇಟೆಯೇ ಇಂದಿನ ವಿರಾಜಪೇಟೆ. 1799ರಲ್ಲಿ ಕಡೆಯ ಮೈಸೂರು ಯುದ್ಧವು ಒದಗಿದಾಗ ಬೊಂಬಾಯಿ ಸೈನ್ಯದ ಮುಂಚೂಣಿಯು ಪಿರಿಯಾಪಟ್ಟಣದ ಗಡಿಯ ಸಿದ್ಧೇಶ್ವರದ ಬಳಿ ಬೀಡುಬಿಟ್ಟಿತ್ತು. ಮಾರ್ಚಿ 5ರಂದು ಬೆಟ್ಟದ ಮೇಲಿನಿಂದ ನೋಡಿದವರಿಗೆ ಪಿರಿಯಾಪಟ್ಟಣದ ಕಡೆಗೆ ದೊಡ್ಡ ಪಾಳೆಯವೂ ಅದರ ನಡುವೆ ಹಸುರು ಡೇರೆಯೊಂದೂ ಕಾಣಿಸಿದುವು. ಮರುದಿನವೇ ಟಿಪ್ಪುವು ಕಾಡಿನ ಮರೆಯಿಂದ ಬಂದು ಮಾಂಟ್ರೆಸರನ ತುಕಡಿಯ ಮೇಲೆ ಬಿದ್ದನು. ಜನರಲ್ ಸ್ಟೂವರ್ಟನು ನೆರವಿನೊಡನೆ ಬಂದು ಸೇರುವವರೆಗೂ, ಬೆಳಗಿನಿಂದ ಮಧ್ಯಾಹ್ನದವರೆಗೆ, ಆ ಚಿಕ್ಕ ಪಡೆಯು ಎದುರಿಸಿ ನಿಂತಿತು. ತನ್ನನ್ನು ಸೆರೆಯಲ್ಲಿಟ್ಟಿದ್ದ ಊರಿನ ದಿಕ್ಕಿಗೆ ಸುಲ್ತಾನನ ಸೈನ್ಯವು ಹಿಮ್ಮೆಟ್ಟುವುದನ್ನು ವೀರರಾಜೇಂದ್ರನು ಅಂದು ಕಂಡನು.

ಇಲ್ಲಿಗೇ ಕಥೆಯು ಮುಗಿದಿದ್ದರೆ ಅದು ವೀರಚರಿತೆಯಾಗುತ್ತಿತ್ತು. ಆದರೆ ಪತ್ರಿಕೆಯು ಹೊಗಳುಭಟರ ಕೆಲಸವನ್ನು ಮಾಡತಕ್ಕದ್ದಲ್ಲ. ಹೊರಗಿನ ಶತ್ರುವು ಇಲ್ಲವಾದ ಮೇಲೆ ಅರಸನಿಗೆ ಒಳಗಿನ ಶತ್ರುಗಳು ಕಾಣತೊಡಗಿದರು. 1796ರಲ್ಲಿ ನಾಲ್ಕುನಾಡಿನ ಅರಮನೆಯಲ್ಲಿ ಕೈಹಿಡಿದ ಪ್ರಿಯಪತ್ನಿ ಮಹಾದೇವಮ್ಮಾಜಿಯು 1807ರಲ್ಲಿ ಗತಿಸಿದಳು. ಗಂಡು ಸಂತಾನವಿರಲಿಲ್ಲ. ತನ್ನ ಮಗಳು ದೇವಮ್ಮಾಜಿಗೆ ಪಟ್ಟವು ದೊರೆಯದೆ ಹೋದೀತೆಂಬ ಭಯವು ಆತನನ್ನು ಹಗಲಿರುಳೂ ಕಾಡಿತು. ಸಂಶಯವು ರೋಗವಾಯಿತು; ರೋಗವು ಉನ್ಮಾದವಾಯಿತು. ಕೋಪದ ಭರದಲ್ಲಿ ಮರಣದಂಡನೆಯನ್ನು ವಿಧಿಸುವುದೂ, ಆವೇಶವು ಇಳಿದ ಬಳಿಕ ಪಶ್ಚಾತ್ತಾಪಪಡುವುದೂ ನಿತ್ಯದ ರೂಢಿಯಾಯಿತು. ಇಂಥದೇ ಒಂದು ಆವೇಶದಲ್ಲಿ ತನ್ನ ಇಬ್ಬರು ತಮ್ಮಂದಿರ ವಧೆಗೂ ಆಜ್ಞೆ ಹೊರಟಿತು. ಬುದ್ಧಿಯು ಸ್ವಸ್ಥಾನಕ್ಕೆ ಬಂದು ಆಜ್ಞೆಯನ್ನು ಹಿಂದೆಗೆದುಕೊಳ್ಳುವಷ್ಟರಲ್ಲಿ ಅಪ್ಪಾಜಿಯ ಪ್ರಾಣವು ಹೋಗಿತ್ತು. ಲಿಂಗರಾಜನು ಮಾತ್ರ ಉಳಿದನು. ಕಂಪೆನಿಯವರು ಚಿಕಿತ್ಸೆಗಾಗಿ ವೈದ್ಯನನ್ನು ಕಳುಹಿಸಿದರೂ ಪ್ರಯೋಜನವಾಗಲಿಲ್ಲ. 1809ನೆಯ ಜೂನ್ 9ರಂದು ಅರಸನು ತೀರಿಕೊಂಡನು. ವಧಕಾರರ ಕೈಯಿಂದ ಉಳಿದುಕೊಂಡ ಅದೇ ಲಿಂಗರಾಜನು 1811ರಲ್ಲಿ ಬಾಲಕಿಯಾದ ದೇವಮ್ಮಾಜಿಯನ್ನು ಬದಿಗೆ ಸರಿಸಿ ತಾನೇ ಸಿಂಹಾಸನವನ್ನೇರಿದನು. ಆತನ ಮಗ ಚಿಕ್ಕ ವೀರರಾಜನ ದುರಾಡಳಿತವನ್ನು ಕಾರಣವಾಗಿ ತೋರಿಸಿ 1834ರಲ್ಲಿ ಕಂಪೆನಿಯು ಕೊಡಗನ್ನೇ ನುಂಗಿತು. ಕಾದರ್ ಖಾನನನ್ನು ಕ್ಷಮಿಸಬಲ್ಲವನಾಗಿದ್ದವನು ಒಡಹುಟ್ಟಿದವನನ್ನು ಕ್ಷಮಿಸಲಾರದೆ ಹೋದನು. ಶತ್ರುವಿನಿಂದ ಉಳಿಸಿಕೊಂಡ ರಾಜ್ಯಕ್ಕೆ ತನ್ನ ಭಯವೇ ಮುಳುವಾಯಿತು.

ಅರಸರು ಅಳಿದರೂ ಕೊಡಗರ ಕೋವಿ ಅಳಿಯಲಿಲ್ಲ. 1857ರ ದಂಗೆಯ ವರ್ಷದಲ್ಲಿ ಆಂಗ್ಲ ಸರಕಾರವು ಪ್ರಜೆಗಳ ಆಯುಧಗಳನ್ನು ಕಸಿಯಹೊರಟಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಕೊಡಲೊಲ್ಲದೆ ಹೋರಾಡಲು ಅವರ ಊರೇ ಬೆಂಕಿಗೆ ಆಹುತಿಯಾಯಿತು. ಕೊಡಗಿಗಾದರೋ 1861ರಲ್ಲಿ ಆಯುಧ ಕಾನೂನಿನಿಂದ ವಿನಾಯಿತಿ ದೊರೆಯಿತು. ತನಗೆ ನಿಷ್ಠರಾದವರಿಗೆ ಕೋವಿ, ತನ್ನನ್ನು ಎದುರಿಸಿದವರಿಗೆ ಗಲ್ಲು ಎಂಬುದು ಪರರಾಜ್ಯದ ನೀತಿ. ಪ್ರಜೆಗಳನ್ನು ನಿರಾಯುಧರನ್ನಾಗಿಸಿದ ಆ ಕಾನೂನನ್ನು ಅಹಿಂಸಾವ್ರತಿಯಾದ ಗಾಂಧೀಜಿಯವರೂ ಖಂಡಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು. ಸ್ವತಂತ್ರ ಭಾರತದ ಸರಕಾರವೂ ಕೊಡಗಿನ ವಿನಾಯಿತಿಯನ್ನು ಉಳಿಸಿ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಈಗ ನಮ್ಮ ಸೀಮೆಯ ಮಾತು. ಕುಶಾಲನಗರದ ಬಳಿ ಕಾವೇರಿಯ ಸೇತುವೆಯನ್ನು ದಾಟಿ ಕೊಪ್ಪಕ್ಕೆ ಕಾಲಿಟ್ಟೊಡನೆ ನಾವು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿರುತ್ತೇವೆ. ಆಚೆಯ ದಡದ ವಿನಾಯಿತಿಯು ಈಚೆಯ ದಡದ ರೈತನಿಗಿಲ್ಲ. ಆತನು 1959ರ ಆಯುಧ ಕಾನೂನಿನ ಮೇರೆಗೆ ಪರವಾನಗಿಯನ್ನು ಪಡೆಯಲೇಬೇಕು. ಹುಣಸೂರು ಮತ್ತು ಹೆಗ್ಗಡದೇವನಕೋಟೆಗಳ ಕಾಡಂಚಿನಲ್ಲಿ ಆನೆಯೂ ಹಂದಿಯೂ ಬೆಳೆಗೆ ಬೀಳುತ್ತವೆ. ಹುಲಿಯ ಭಯವೂ ಇದೆ. ಕೃಷ್ಣರಾಜನಗರದ ಬಯಲಿನ ಪೇಟೆಗಳಲ್ಲಿ ಕಳ್ಳಕಾಕರ ಭಯವನ್ನು ಮುಂದಿಟ್ಟು ಪಿಸ್ತೂಲನ್ನು ಬಯಸುವ ಸಿರಿವಂತರೂ ಇಲ್ಲದಿಲ್ಲ. ಅಪೇಕ್ಷೆಯು ಅಕ್ರಮವಲ್ಲ. ಆದರೆ ಆಯುಧವನ್ನು ಕೊಂಡುದರಿಂದಲೇ ರಕ್ಷಣೆಯು ದೊರೆಯಿತೆಂದು ತಿಳಿಯುವುದು ಭ್ರಮೆ. ಪಿಸ್ತೂಲಂತೂ ಉದ್ದದ ಕೋವಿಗಿಂತ ಹೆಚ್ಚು ಅಭ್ಯಾಸವನ್ನು ಬೇಡುತ್ತದೆ. ಅದಕ್ಕೆ ಹೆಗಲಿನ ಆಧಾರವಿಲ್ಲ. ನಳಿಗೆಯು ಗಿಡ್ಡವಾದುದರಿಂದ ಮಣಿಕಟ್ಟು ಎಳ್ಳಿನಷ್ಟು ಅಲುಗಿದರೂ ಗುಂಡು ಗೇಣುದ್ದ ದಾರಿ ತಪ್ಪುತ್ತದೆ. ತಿರುಗಿಸುವುದು ಸುಲಭವಾದುದರಿಂದ ಅದರ ಬಾಯಿ ಅರಿಯದೆಯೇ ಮನೆಯವರ ಕಡೆಗೆ ತಿರುಗುತ್ತದೆ. ಗುಂಡಿದೆಯೋ ಇಲ್ಲವೋ ಎಂದು ಪ್ರತಿಸಲವೂ ತೆರೆದು ನೋಡುವುದು, ಗುರಿಯು ನಿಶ್ಚಯವಾಗುವ ತನಕ ಬೆರಳನ್ನು ಕುದುರೆಯ ಹೊರಗೆ ಇಡುವುದು, ಗುರಿಯ ಹಿಂದೆ ಯಾರಿದ್ದಾರೆಂದು ಅರಿಯುವುದು, ಮಕ್ಕಳ ಕೈಗೆಟುಕದಂತೆ ಬೀಗದೊಳಗಿಡುವುದು, ಇವೇ ಮೊದಲ ಪಾಠಗಳು. ಕತ್ತಲಲ್ಲಿ ಬೆಚ್ಚಿ ಎದ್ದವನಿಗೆ ವಿವೇಚನೆಗೆ ಸಮಯವಿರುವುದಿಲ್ಲ. ಹಗಲಿನಲ್ಲಿ ನೂರು ಸಲ ಮಾಡಿದ್ದನ್ನು ಮಾತ್ರ ಅವನ ಕೈ ಮಾಡುತ್ತದೆ. 2016ರ ಆಯುಧ ನಿಯಮಗಳು ಸುರಕ್ಷಿತ ಬಳಕೆಯ ತರಬೇತನ್ನು ವಿಧಿಸಿರುವುದು ಇದಕ್ಕಾಗಿಯೇ. ಅಧಿಕಾರಿಗಳು ಅದನ್ನು ಕಾಗದದ ಶಾಸ್ತ್ರವೆಂದೆಣಿಸದೆ, ಅರ್ಜಿದಾರನ ಕೈಯನ್ನೂ ಶೀಲವನ್ನೂ ನಿಜವಾಗಿ ಪರೀಕ್ಷಿಸಬೇಕು. ಮದುವೆ ಮೆರವಣಿಗೆಗಳಲ್ಲಿ ಪರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದನ್ನು 2019ರ ತಿದ್ದುಪಡಿಯು ಶಿಕ್ಷಾರ್ಹವಾಗಿಸಿದೆಯೆಂಬುದನ್ನು ಸಾಹುಕಾರರೂ ಮರೆಯಬಾರದು.

ಸ್ವರಕ್ಷಣೆಯ ಹಕ್ಕು ನಮ್ಮ ಕಾನೂನಿನಲ್ಲಿದೆ. 1860ರ ದಂಡಸಂಹಿತೆಯಲ್ಲಿದ್ದ ಆ ಹಕ್ಕು 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಉಳಿದಿದೆ. ಅದರ ಮೇರೆಯೂ ಅಲ್ಲಿಯೇ ಇದೆ: ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಕೇಡನ್ನು ಮಾಡತಕ್ಕದ್ದಲ್ಲ, ಸರಕಾರದ ನೆರವನ್ನು ಪಡೆಯಲು ಅವಕಾಶವಿದ್ದಲ್ಲಿ ಆ ಹಕ್ಕೇ ಇಲ್ಲ. ಕಾನೂನು ಹೇಳುವ ಈ ಮೇರೆಯನ್ನು ಮಡಿಕೇರಿಯ ದಾರಿಯಲ್ಲಿ ಕಾದರ್ ಖಾನನನ್ನು ಬಿಟ್ಟುಕೊಟ್ಟ ಅರಸನು ಕಾನೂನಿಲ್ಲದೆಯೇ ಅರಿತಿದ್ದನು. ಮುಪ್ಪು ಬರುವ ಮೊದಲೇ ಮರೆತನು. ಮಡಿಕೇರಿಯ ಗದ್ದುಗೆಯಲ್ಲಿ ಆತನು ಪತ್ನಿಯೊಡನೆ ಮಲಗಿದ್ದಾನೆ. ಕೋವಿಯನ್ನು ಕೈಗೆತ್ತಿಕೊಳ್ಳುವವರು ಆತನ ಅಭ್ಯಾಸವನ್ನು ಅನುಸರಿಸಲಿ, ಕೋಪವನ್ನು ಅನುಸರಿಸದಿರಲಿ. ಗುರಿಯ ಸಾಧನೆಯು ಕೆಲವು ತಿಂಗಳ ಕೆಲಸ. ಮನಸ್ಸಿನ ಸಾಧನೆಯು ಬಾಳಿನ ಕಡೆಯ ದಿನದವರೆಗಿನ ಕೆಲಸ. ಎರಡನೆಯದು ತಪ್ಪಿದಲ್ಲಿ ಮೊದಲನೆಯದು ತನ್ನವರನ್ನೇ ಕೊಲ್ಲುತ್ತದೆ.