ಗುರುಗಳ ಗುರು ಮರಿಯಾ ಮಾಂಟೆಸೊರಿ

ಶಿಶುವಿಹಾರದ ಮಕ್ಕಳು ಮಣಿಗಳನ್ನು ಎಣಿಸುವುದನ್ನೂ ಮರದ ಅಚ್ಚುಗಳನ್ನು ಜೋಡಿಸುವುದನ್ನೂ ಕಂಡಾಗ ನಾವು ಮಾಂಟೆಸೊರಿಯವರನ್ನು ನೆನೆಯುತ್ತೇವೆ. ಆದರೆ ಅವರ ಪದ್ಧತಿಯು ಮೊದಲು ರೂಪುಗೊಂಡುದು ಶಾಲೆಗಳು ಹೊರಗಿಟ್ಟಿದ್ದ ಮಕ್ಕಳ ನಡುವೆ ಎಂಬುದನ್ನು ಬಲ್ಲವರು ವಿರಳ.

ಇಟಲಿ ದೇಶದಲ್ಲಿ 1870ರ ಆಗಸ್ಟ್ 31ರಂದು ಜನಿಸಿದ ಮರಿಯಾ, 1896ರಲ್ಲಿ ರೋಮ್ ನಗರದಲ್ಲಿ ವೈದ್ಯಪದವಿಯನ್ನು ಪಡೆದರು. ಅಲ್ಲಿ ಹೆಣ್ಣುಮಕ್ಕಳು ವೈದ್ಯರಾಗುವುದು ತೀರ ಅಪೂರ್ವವಾಗಿದ್ದ ಕಾಲವದು. ವೃತ್ತಿಯ ನಿಮಿತ್ತ ಅವರು ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗಬೇಕಾಗುತ್ತಿತ್ತು. ಬುದ್ಧಿ ಬೆಳೆಯದವರೆಂಬ ಹೆಸರು ಹೊತ್ತ ಮಕ್ಕಳನ್ನು ಅಲ್ಲಿ ಬರಿಯ ಕೋಣೆಯೊಂದರಲ್ಲಿ ಕೂಡಿಹಾಕಿದ್ದರು. ಊಟವಾದೊಡನೆ ಈ ಮಕ್ಕಳು ನೆಲದ ಮೇಲಿನ ರೊಟ್ಟಿಯ ಚೂರುಗಳಿಗಾಗಿ ಹರಿದಾಡುತ್ತವೆಂದು ಮೇಲ್ವಿಚಾರಕಿ ಹೇಸಿಕೊಂಡು ಹೇಳಿದಳಂತೆ. ಮರಿಯಾ ಕೋಣೆಯನ್ನು ದಿಟ್ಟಿಸಿ ನೋಡಿದರು. ಮಕ್ಕಳು ಹಿಡಿಯಲು, ಮುಟ್ಟಲು ಅಲ್ಲಿ ಆ ಚೂರುಗಳ ಹೊರತು ಮತ್ತೇನೂ ಇರಲಿಲ್ಲ! ಹಸಿದಿದ್ದುವು ಆ ಪುಟ್ಟ ಕೈಗಳು.

ಇದಕ್ಕೆ ಬೇಕಾದುದು ಔಷಧಿಗಿಂತಲೂ ಶಿಕ್ಷಣವೆಂದು ಅವರು ನಿಶ್ಚಯಿಸಿದರು. ಇಂಥ ಮಕ್ಕಳಿಗಾಗಿ ಹಿಂದೆ ದುಡಿದಿದ್ದ ಇಟಾರ್, ಸೆಗ್ವೆ ಎಂಬ ಫ್ರೆಂಚ್ ವೈದ್ಯರ ಗ್ರಂಥಗಳನ್ನು ಕೈಯಾರೆ ಇಟಾಲಿಯನ್ ಭಾಷೆಗೆ ಬರೆದುಕೊಂಡರು. ಆದರೆ ಕಲಿಸಬಲ್ಲವರೆಲ್ಲಿ? ಅದಕ್ಕಾಗಿ 1900ರಲ್ಲಿ ರೋಮ್‌ನಲ್ಲಿ ಉಪಾಧ್ಯಾಯರ ತರಬೇತಿ ಶಾಲೆಯೊಂದು ಸ್ಥಾಪಿತವಾಯಿತು. ಅದರ ಇಬ್ಬರು ನಿರ್ದೇಶಕರಲ್ಲಿ ಮರಿಯಾ ಒಬ್ಬರು. ಹಗಲೆಲ್ಲ ಮಕ್ಕಳೊಡನೆ ಕಳೆದು, ಕಂಡುದನ್ನು ರಾತ್ರಿ ಬರೆದಿಡುತ್ತಿದ್ದರು. ಕಲಿಸುವ ಮೊದಲು ಮಗುವನ್ನು ತಾಳ್ಮೆಯಿಂದ ನೋಡಲು ಕಲಿಯಬೇಕೆಂಬುದೇ ಅವರ ಪಾಠದ ತಿರುಳು. ಕೆಲವು ಮಕ್ಕಳು ಓದುಬರಹ ಕಲಿತು, ಸಾಮಾನ್ಯ ಶಾಲೆಯ ಮಕ್ಕಳ ಸಾಲಿನಲ್ಲಿ ಪರೀಕ್ಷೆ ಕುಳಿತು ತೇರ್ಗಡೆಯಾದರು.

ಜನ ಬೆರಗಾದರು. ಮರಿಯಾ ಅವರಿಗಾದರೋ, ಆರೋಗ್ಯವಂತ ಮಕ್ಕಳು ಶಾಲೆಗಳಲ್ಲಿ ಇಷ್ಟು ಕಡಿಮೆ ಕಲಿಯುವುದೇಕೆಂಬ ಚಿಂತೆ ಹತ್ತಿತು. 1901ರಲ್ಲಿ ಅವರು ಆ ಸಂಸ್ಥೆಯನ್ನು ಬಿಟ್ಟರು. 1907ರಲ್ಲಿ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದು ಲೋಕವಿಖ್ಯಾತರಾದರು. ಮೊದಲಿನ ಮಕ್ಕಳು ಮರೆಗೆ ಸರಿದುದು ನಮಗೆ ಕೊಂಚ ಖೇದವನ್ನುಂಟುಮಾಡುತ್ತದೆ.

1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು, ಸುಮಾರು 300 ಮಂದಿಗೆ ತರಬೇತಿಯನ್ನಿತ್ತರು. ಅವರು ಇಟಾಲಿಯನ್ ಭಾಷೆಯಲ್ಲಿ ಉಪನ್ಯಾಸ ಮಾಡಿದರೆ, ಮಗ ಮಾರಿಯೊ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. 1940ರಲ್ಲಿ ಇಟಲಿಯು ಯುದ್ಧಕ್ಕಿಳಿಯಲು, ಬ್ರಿಟಿಷ್ ಸರ್ಕಾರವು ತಾಯಿಯನ್ನು ನಿರ್ಬಂಧದಲ್ಲಿಟ್ಟು ಮಗನನ್ನು ಸೆರೆಯಲ್ಲಿಟ್ಟಿತು. ಮಾರಿಯೊ ಬಿಡುಗಡೆಯಾದುದು ತಾಯಿಯ 70ನೆಯ ಹುಟ್ಟುಹಬ್ಬದ ದಿನ. ಪಾಠಗಳು ಮಾತ್ರ ನಿಲ್ಲಲಿಲ್ಲ.

ಅವರು ಕೊಡೈಕೆನಾಲಿನಲ್ಲಿದ್ದಾಗಲೇ, 1943ರಲ್ಲಿ, ಅಮೆರಿಕದ ವೈದ್ಯ ಲಿಯೊ ಕ್ಯಾನರ್ ಆಟಿಸಂ ಎಂಬ ಸ್ಥಿತಿಯನ್ನು ವಿವರಿಸಿ ಬರೆದರು. ಮಾತು, ಒಡನಾಟಗಳಲ್ಲಿ ಭಿನ್ನವಾಗಿ ಬೆಳೆಯುವ ಈ ಮಕ್ಕಳಿಗೂ ಅವರನ್ನು ಅರಿತ ಗುರುಗಳೇ ಬೇಕು. ವಿಶೇಷ ಶಿಕ್ಷಕರ ತರಬೇತಿಗೆ ನಿಯಮಗಳನ್ನು ವಿಧಿಸುವ ಪುನರ್ವಸತಿ ಪರಿಷತ್ತಿನ ಕಾನೂನು ನಮ್ಮ ದೇಶದಲ್ಲಿ ಬಂದುದು 1992ರಲ್ಲಿ. ಪುಣೆ ನಗರದ ಮಗುವಿಗೆ ದೊರೆಯುವ ಗುರು, ಅದೇ ಜಿಲ್ಲೆಯ ಇಂದಾಪುರದ ಮಗುವಿಗೂ ದೊರೆಯಬೇಡವೆ?

ಮಾಂಟೆಸೊರಿಯವರು 1952ರ ಮೇ 6ರಂದು ಹಾಲೆಂಡಿನ ಕಡಲತೀರದ ಊರೊಂದರಲ್ಲಿ ತೀರಿಕೊಂಡರು. ಆಗ ಅವರಿಗೆ 81 ವರ್ಷ.